ಹಗುರ ಖರ್ಚಿನಲ್ಲಿ ಧರ್ಮಸ್ಥಳಕ್ಕೆ

"ಈ ಬೆಲೆ ಏರಿಕೆಯ ಕಾಲದಲ್ಲಿ ಕಾರಿನಲ್ಲಿ ಯಾತ್ರೆಯೇ?" ಎಂದು ನೀವು ಹುಬ್ಬೇರಿಸಬಹುದು. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ನಮ್ಮ ಮನೆಯ ಹಳೇ ಕಾರು ವಾರದಲ್ಲಿ ಐದು ದಿನ ಶೆಡ್ಡಿನಲ್ಲೇ ಮುಸುಕು ಹೊದ್ದು ನಿಂತಿರುತ್ತದೆ. ಆದರೆ ಸೋದರಿಯರೇ, ಕೆಲವು ಪ್ರಯಾಣಗಳನ್ನು ಮುಂದಕ್ಕೆ ಹಾಕುತ್ತಾ ಹೋಗಲು ಆಗುವುದಿಲ್ಲ.

ಹಿಂದಿನ ವರ್ಷ ನಮ್ಮ ಯಜಮಾನರಿಗೆ ದೊಡ್ಡ ಆಪರೇಷನ್ ಆಯಿತು. ಆಗ ನಮ್ಮ ಅತ್ತೆಯವರು ಮಂಜುನಾಥಸ್ವಾಮಿಗೆ ಹರಕೆ ಹೊತ್ತು ಮುಡಿಪು ಕಟ್ಟಿಟ್ಟರು. ಮಗ ಎದ್ದು ಓಡಾಡುವಂತಾದರೂ ಹರಕೆ ಮಾತ್ರ ಹಾಗೇ ಉಳಿದಿತ್ತು. ಅತ್ತೆಯವರಿಗೆ 76 ವರ್ಷ. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರರು. ಟ್ಯಾಕ್ಸಿ ವಿಚಾರಿಸಿದರೆ ಎರಡು ದಿನಕ್ಕೆ 8,500 ರೂಪಾಯಿ ಎಂದರು. ಆಸ್ಪತ್ರೆಯ ಬಿಲ್ಲು ಕಟ್ಟಿ ಕೂಡಿಟ್ಟದ್ದೆಲ್ಲ ಕರಗಿತ್ತು. "ಮುಂದಿನ ವರ್ಷ ನೋಡೋಣಮ್ಮ" ಅಂದರು ಇವರು. ಅತ್ತೆಯವರು ಏನೂ ಹೇಳಲಿಲ್ಲ. ದೇವರ ಗೂಡಿನಿಂದ ಆ ಅರಿಶಿನ ಬಟ್ಟೆಯ ಗಂಟನ್ನು ತೆಗೆದು, ಒಮ್ಮೆ ಕಣ್ಣಿಗೊತ್ತಿಕೊಂಡು, ಮತ್ತೆ ಅಲ್ಲೇ ಇಟ್ಟರು.

ಅವತ್ತು ರಾತ್ರಿ ನಾನು ಲೆಕ್ಕದ ಪುಸ್ತಕ ಹಿಡಿದು ಕೂತೆ. "ರೀ, ಡಾಕ್ಟರು ಕಾರು ಓಡಿಸಬಹುದು ಅಂದಿದ್ದಾರಲ್ಲ. ನಮ್ಮ ಕಾರಲ್ಲೇ ಹೋಗೋಣ. 6,000 ರೂಪಾಯಿಯೊಳಗೆ ಮುಗಿಸೋ ಜವಾಬ್ದಾರಿ ನನ್ನದು" ಎಂದೆ. ಹೇಗೆ ಮುಗಿಸಿದೆವು, ಎಲ್ಲಿ ಎಡವಿದೆವು ಎಂಬುದನ್ನು ನಿಮಗೆ ಹೇಳಬೇಕೆಂದೇ ಈ ಬರಹ.

ಹೊರಡುವ ಮುನ್ನ

ನಮ್ಮ ತಿಪಟೂರಿನಿಂದ ಧರ್ಮಸ್ಥಳಕ್ಕೆ ಇನ್ನೂರು ಕಿಲೋಮೀಟರಿಗೆ ತುಸು ಕಡಿಮೆ. ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ – ಇದೇ ದಾರಿ. ಕಾರ್ತೀಕ ಮಾಸದ ಲಕ್ಷದೀಪೋತ್ಸವದ ಜನಸಂದಣಿ, ಶನಿವಾರ ಭಾನುವಾರಗಳ ನೂಕುನುಗ್ಗಲು ಎರಡೂ ಬೇಡವೆಂದು ಜನವರಿಯ ಒಂದು ಬುಧವಾರ ಗೊತ್ತುಮಾಡಿದೆವು.

ಹಿಂದಿನ ದಿನ ಕಾರಿನ ಡಿಕ್ಕಿ ತೆಗೆದು ನೋಡಿದರೆ ಅರ್ಧ ಚೀಲ ಸಿಮೆಂಟು, ಹಳೇ ನಲ್ಲಿ ಪೈಪು, ಎರಡು ಒಡೆದ ಬಕೆಟ್ಟು! ಈ ಭಾರವನ್ನೆಲ್ಲ ಎಷ್ಟು ತಿಂಗಳಿಂದ ಪೆಟ್ರೋಲು ಸುಟ್ಟು ಊರೆಲ್ಲ ಮೆರೆಸಿದ್ದೆವೋ! ಎಲ್ಲ ಇಳಿಸಿದೆವು. ಕಾರಿನ ನೆತ್ತಿಯ ಮೇಲಿದ್ದ ಕ್ಯಾರಿಯರನ್ನೂ ಬಿಚ್ಚಿಸಿದೆ. ಅದು ಖಾಲಿ ಇದ್ದರೂ ಗಾಳಿಯನ್ನು ತಡೆದು ಎಣ್ಣೆ ತಿನ್ನುತ್ತದೆ. ಮಾರನೆಯ ಬೆಳಗ್ಗೆ ಮನೆ ಹತ್ತಿರದ ಬಂಕಿನಲ್ಲಿ ಟೈರುಗಳಿಗೆ ಗಾಳಿ ಹಿಡಿಸಿದೆವು. ಟೈರು ತಣ್ಣಗಿರುವಾಗಲೇ ಇದನ್ನು ನೋಡಿಸಬೇಕು. ಎಷ್ಟು ಗಾಳಿ ಬೇಕೆಂಬುದನ್ನು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ನೋಡಿಕೊಳ್ಳಬಹುದು. ಗಾಳಿ ಕಡಿಮೆಯಿದ್ದರೆ ಚಕ್ರ ನೆಲಕ್ಕೆ ಅಂಟಿಕೊಂಡಂತೆ ಉರುಳುತ್ತದೆ, ಪೆಟ್ರೋಲೂ ಹೆಚ್ಚು, ಟೈರೂ ಬೇಗ ಸವೆಯುತ್ತದೆ.

ಬುತ್ತಿಗೆ ಚಪಾತಿ, ಚಟ್ನಿಪುಡಿ, ಕೋಡುಬಳೆ ಮತ್ತು ಮೊಸರನ್ನ. ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗುತ್ತದೆ ಎನ್ನುವವರು ಹೀಗೆ ಮಾಡಿ: ಮೆತ್ತಗೆ ಬೇಯಿಸಿದ ಅನ್ನವನ್ನು ಆರಿಸಿ, ಕಾಯಿಸಿ ಉಗುರುಬೆಚ್ಚಗಾದ ಹಾಲಿನಲ್ಲಿ ಕಿವುಚಿ, ಒಂದೇ ಒಂದು ಚಮಚ ಮೊಸರು ಹಾಕಿ. ಉಪ್ಪು, ತುರಿದ ಶುಂಠಿ, ಸಾಸಿವೆ ಒಗ್ಗರಣೆ ಸೇರಿಸಿ ಡಬ್ಬಿಗೆ ತುಂಬಿ. ನೀವು ಊಟಕ್ಕೆ ಕೂರುವ ಹೊತ್ತಿಗೆ ಅದು ಹದವಾಗಿ ಹೆಪ್ಪಾಗಿರುತ್ತದೆ. ಇನ್ನು ಹಣ್ಣುಕಾಯಿಗೆ ಕಾಯಿ ನಮ್ಮೂರಿನದೇ. ತಿಪಟೂರಿನವರು ಬೇರೆ ಊರಲ್ಲಿ ತೆಂಗಿನಕಾಯಿ ಕೊಂಡರೆಂದರೆ ಜನ ನಕ್ಕಾರು!

ದಾರಿಯಲ್ಲೇ ಹೊಯ್ಸಳರು

ಐದು ಗಂಟೆಗೇ ಹೊರಟೆವು. ತಂಪು ಹೊತ್ತಿನಲ್ಲಿ ಎ.ಸಿ. ಬೇಕಿಲ್ಲ, ಊರುಗಳಲ್ಲಿ ಗದ್ದಲವಿಲ್ಲ, ಗಳಿಗೆಗೊಮ್ಮೆ ಬ್ರೇಕು ಒತ್ತುವ ಕೆಲಸವಿಲ್ಲ. "ಐವತ್ತರಿಂದ ಅರವತ್ತರೊಳಗೆ ಒಂದೇ ಸಮ ಓಡಿಸಿ" ಎಂದು ನಾನು ಮೊದಲೇ ಹೇಳಿದ್ದೆ. ರಭಸವಾಗಿ ಹೋಗಿ ಗಕ್ಕನೆ ನಿಲ್ಲಿಸುವುದರಲ್ಲೇ ಅರ್ಧ ಪೆಟ್ರೋಲು ಹಾಳಾಗುವುದು. ಒಲೆಯ ಉರಿಯೂ ಹಾಗೇ ಅಲ್ಲವೇ? ಸಮ ಉರಿಯಲ್ಲಿ ಬೇಯಿಸಿದರೆ ಗ್ಯಾಸು ಹೆಚ್ಚು ದಿನ ಬರುತ್ತದೆ.

ಹಳೇಬೀಡು ತಲುಪಿದಾಗ ಹೊಯ್ಸಳೇಶ್ವರ ಗುಡಿಯ ಗೋಡೆಗೆ ಎಳೆ ಬಿಸಿಲು ಬಿದ್ದಿತ್ತು. ಗೋಡೆಯ ಕೆಳಸಾಲಿನಲ್ಲಿ ಆನೆಗಳು ಗುಡಿಯನ್ನೇ ಹೊತ್ತಂತೆ ಸಾಲಾಗಿ ನಿಂತಿವೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ರಾಮಾಯಣ ಮಹಾಭಾರತದ ಕಥೆಗಳು. ಬಳಪದ ಕಲ್ಲಾದ್ದರಿಂದ ಕಡೆಯುವಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುತ್ತದಂತೆ. ಅತ್ತೆಯವರು ದೊಡ್ಡ ನಂದಿಯ ಮುಂದೆ ಕೂತು, "ಇದರ ಕೊರಳ ಸರ ನೋಡೇ, ನಮ್ಮ ಅಕ್ಕಸಾಲಿಗನಿಗೂ ಬರಲ್ಲ" ಅಂದರು.

ಅಲ್ಲಿಂದ 16 ಕಿಲೋಮೀಟರ್ ಬೇಲೂರು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವನ ಗುಡಿ. ಬೆಳಗ್ಗೆಯೇ ಹೋದದ್ದರಿಂದ ಅಂಗಳದ ಹಾಸುಗಲ್ಲು ಕಾದಿರಲಿಲ್ಲ, ಬರಿಗಾಲಿನಲ್ಲಿ ಅತ್ತೆಯವರು ನಿಧಾನವಾಗಿ ಒಂದು ಸುತ್ತು ಬಂದರು. ಮಧ್ಯಾಹ್ನ ಹೋದವರ ಪಾಡನ್ನು ಅವರ ಅಂಗಾಲನ್ನೇ ಕೇಳಬೇಕು! ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೂರದೂರದಿಂದ ಜನ ಇವನ್ನು ನೋಡಲೆಂದೇ ಬರುತ್ತಾರೆ. ನಮಗೆ ಹೋಗುವ ದಾರಿಯಲ್ಲೇ ಸಿಕ್ಕವು. ಒಂದೇ ಪೆಟ್ರೋಲಿನಲ್ಲಿ ಎರಡು ಯಾತ್ರೆ!

ಕೊಟ್ಟಿಗೆಹಾರದಲ್ಲಿ ಬುತ್ತಿ ಬಿಚ್ಚಿದೆವು. ಅಲ್ಲಿಯ ನೀರುದೋಸೆ ಹೆಸರುವಾಸಿ. ಇವರು ಹೋಟೆಲಿನ ಕಡೆಗೇ ನೋಡುತ್ತಿದ್ದರು. ನಾನು ಡಬ್ಬಿ ಮುಂದೆ ತಳ್ಳಿದೆ. ಅತ್ತೆಯವರೇ, "ಒಂದೊಂದು ದೋಸೆ ತಿನ್ನೋಣ ಬಿಡೇ, ಬಾಯಿ ಕಟ್ಟಿ ಯಾವ ದೇವರನ್ನ ನೋಡೋದು?" ಎಂದರು. ತಿಂದೆವು. ಅದರ ಮೃದು ಇನ್ನೂ ನಾಲಿಗೆಯ ಮೇಲಿದೆ.

ಘಾಟಿಯಲ್ಲಿ ಕಲಿತ ಪಾಠ

ಚಾರ್ಮಾಡಿ ಘಾಟಿ ಶುರುವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದ ಕಣಿವೆ, ದೂರಕ್ಕೆ ನೀಲಿ ಬೆಟ್ಟಗಳ ಸಾಲು. 2019ರ ಮಳೆಗಾಲದಲ್ಲಿ ಗುಡ್ಡ ಕುಸಿದು ಈ ದಾರಿ ಮುಚ್ಚಿತ್ತು.

ನಾಲ್ಕು ತಿರುವು ಇಳಿದಿರಬೇಕು, ಇದ್ದಕ್ಕಿದ್ದಂತೆ ಕಾರಿನ ಸದ್ದು ನಿಂತಿತು. "ಇಂಜಿನ್ ಆಫ್ ಮಾಡಿದೆ. ಇಳಿಜಾರು ತಾನೇ, ಪುಕ್ಕಟೆ ಹೋಗೋಣ. ನಮ್ಮ ಚಿಕ್ಕಪ್ಪ ಅಂಬಾಸಿಡರ್‌ನಲ್ಲಿ ಹೀಗೇ ಮಾಡ್ತಿದ್ರು" ಎಂದು ಇವರು ನಕ್ಕರು. 6,000 ರೂಪಾಯಿಯ ಲೆಕ್ಕ ಹಾಕಿದವಳು ನಾನೇ. ಸುಮ್ಮನಿದ್ದುಬಿಟ್ಟೆ. ಅದೇ ನನ್ನ ತಪ್ಪು.

ಎರಡು ಸಲ ಬ್ರೇಕು ಹಿಡಿಯಿತು. ಮೂರನೆಯ ತಿರುವಿನಲ್ಲಿ ಇವರ ಮುಖ ಬಿಳುಪೇರಿತು. "ಪೆಡಲ್ ಕಲ್ಲಾಗಿದೆ ಕಣೇ!" ಸ್ಟೀರಿಂಗೂ ಒಡ್ಡಾಗಿತ್ತು. ಎದುರಿಗೆ ಬಸ್ಸು. ಎರಡೂ ಕಾಲು ಕೊಟ್ಟು ಬ್ರೇಕು ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಹೇಗೋ ಒಳಗಡೆಯ ಬಂಡೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಚಕ್ರಗಳಿಂದ ಸುಟ್ಟ ವಾಸನೆ. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯವರು, "ನಿನ್ನ ಜೀವಕ್ಕೇಂತ ಹೊತ್ತ ಹರಕೆ ಕಣೋ ಇದು. ಅದನ್ನೇ ಅಡ ಇಟ್ಟು ಎಷ್ಟು ಉಳಿಸ್ತೀಯ?" ಎಂದರು. ಮಾತು ಮಗನಿಗೆ ಹೇಳಿದ್ದು. ತಲೆ ತಗ್ಗಿಸಿದವಳು ನಾನೂ.

ಅರ್ಧ ಗಂಟೆ ಚಕ್ರ ಆರಲು ಬಿಟ್ಟು, ಇಂಜಿನ್ ಹಾಕಿಕೊಂಡು ಮೆಲ್ಲಗೆ ಇಳಿದು ಅಣ್ಣಪ್ಪಸ್ವಾಮಿಯ ಗುಡಿ ಮುಟ್ಟಿದೆವು. ಘಾಟಿಯ ಚಾಲಕರೆಲ್ಲ ಕೈಮುಗಿದು ಮುಂದೆ ಹೋಗುವ ಜಾಗ ಅದು. ಅಲ್ಲಿ ನಿಂತಿದ್ದ ಟೆಂಪೋ ಚಾಲಕರೊಬ್ಬರು ವಿಷಯ ಕೇಳಿ, "ಎಂತ ಮಾರಾಯ್ರೆ, ಘಾಟಿಯಲ್ಲಿ ಇಂಜಿನ್ ಬಂದ್ ಮಾಡುದಾ!" ಎಂದು ಬೈದು, ಆಮೇಲೆ ಬಿಡಿಸಿ ಹೇಳಿದರು. ಬ್ರೇಕು ಹಗುರಾಗಿ ಒತ್ತಲು ಬರುವುದು ಇಂಜಿನ್ ಓಡುತ್ತಿದ್ದರೆ ಮಾತ್ರ. ನಿಂತ ಮೇಲೆ ಒಂದೆರಡು ಸಲ ಹಿಡಿದು, ಮತ್ತೆ ಪೆಡಲ್ ಬಿಗಿಯಾಗುತ್ತದೆ. ಕೀಲಿ ಪೂರ್ತಿ ತೆಗೆದರಂತೂ ಸ್ಟೀರಿಂಗಿಗೇ ಬೀಗ ಬೀಳಬಹುದು. ಇನ್ನೊಂದು ಮಾತು ಕೇಳಿ, ಸೋದರಿಯರೇ. ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟುಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ, ಆ ಹೊತ್ತಿನಲ್ಲಿ ಇಂಜಿನ್ನಿಗೆ ಪೆಟ್ರೋಲೇ ಹೋಗುವುದಿಲ್ಲವಂತೆ! ನ್ಯೂಟ್ರಲ್ಲಿಗೆ ಹಾಕಿದರೇ ಇಂಜಿನ್ ಉರಿಯಲು ಪೆಟ್ರೋಲು ಬೇಕು. ಅಂದಮೇಲೆ ನಾವು ಪ್ರಾಣವನ್ನು ಪಣಕ್ಕಿಟ್ಟು ಉಳಿಸಿದ್ದು ಸೊನ್ನೆ. "ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳೀರಿ" ಎಂದು ಹೇಳಿ ಆತ ಹೊರಟರು.

ಮಂಜುನಾಥನ ಸನ್ನಿಧಿ

ಧರ್ಮಸ್ಥಳದಲ್ಲಿ ಕ್ಷೇತ್ರದ ವಸತಿಗೃಹದಲ್ಲೇ ಕೊಠಡಿ ಸಿಕ್ಕಿತು. ಮಂಗಳೂರಿನಲ್ಲಿ ಓದುವ ಮಗಳನ್ನು ಕರೆತರಲು ನಾವು ಅಲ್ಲಿಗೆ ಹೋಗಲಿಲ್ಲ. ಅವಳೇ ಸರ್ಕಾರಿ ಬಸ್ಸಿನಲ್ಲಿ ಬಂದಳು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದಾಗಿ ಅವಳಿಗೆ ಟಿಕೆಟ್ಟಿನ ಖರ್ಚೂ ಇಲ್ಲ, ನಮಗೆ ನೂರೈವತ್ತು ಕಿಲೋಮೀಟರಿನ ಪೆಟ್ರೋಲೂ ಉಳಿಯಿತು. ಕಾರು ಮನೆಯಲ್ಲಿದೆ ಎಂದು ಎಲ್ಲದಕ್ಕೂ ಅದನ್ನೇ ತೆಗೆಯಬೇಕೆಂದೇನಿಲ್ಲ, ಅಲ್ಲವೇ?

ಮರುದಿನ ದರ್ಶನ. ಮುಡಿಪಿನ ಗಂಟನ್ನು ಅತ್ತೆಯವರು ಮಗನ ಕೈಯಿಂದಲೇ ಹುಂಡಿಗೆ ಹಾಕಿಸಿದರು. ಆಮೇಲೆ ಅನ್ನಪೂರ್ಣ ಛತ್ರದಲ್ಲಿ ಸಾವಿರಾರು ಜನರ ಜೊತೆ ಸಾಲಿನಲ್ಲಿ ಕೂತು ಬಿಸಿ ಅನ್ನ, ಸಾರು ಉಂಡೆವು. ಬಡವ ಬಲ್ಲಿದನೆಂಬ ಭೇದವಿಲ್ಲದ ಆ ಊಟಕ್ಕೆ ಕಾಸು ಕೇಳುವುದಿಲ್ಲ. ಹಾಗೆಂದು ಎಲೆಯಲ್ಲಿ ಒಂದಗುಳನ್ನೂ ಬಿಡಬಾರದು.

ಮನೆಗೆ ಬಂದು ಲೆಕ್ಕ ಬರೆದೆ. ಪೆಟ್ರೋಲು 22 ಲೀಟರ್, 2,270 ರೂಪಾಯಿ. ಊರಿನಲ್ಲಿ ಲೀಟರಿಗೆ 14 ಕೊಡುವ ಕಾರು ಈ ಸಲ ಹತ್ತಿರ ಹತ್ತಿರ 17 ಕೊಟ್ಟಿತ್ತು. ಕೊಠಡಿ, ಪೂಜೆ, ದೋಸೆ, ಕಾಫಿ, ಮೂಡಿಗೆರೆಯಲ್ಲಿ ಕೊಂಡ ಕಾಫಿಪುಡಿ ಎಲ್ಲ ಸೇರಿ 1,900. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಬೀಗಬಹುದಿತ್ತು. ಆದರೆ ಊರಿಗೆ ಬಂದ ಮೇಲೆ ಮೆಕ್ಯಾನಿಕ್ಕಿಗೆ ತೋರಿಸಿ, ಸುಟ್ಟಿದ್ದ ಬ್ರೇಕ್ ಪ್ಯಾಡು ಬದಲಾಯಿಸಲು 1,800 ಆಯಿತು. ಒಟ್ಟು 5,970 ರೂಪಾಯಿ. ಪುಸ್ತಕದಲ್ಲಿ ಆ ಕೊನೆಯ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಈಗ ಸಂತೆ, ಬ್ಯಾಂಕು, ಗಿರಣಿ ಮೂರೂ ಕೆಲಸವನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತೇವೆ. ತಿಂಗಳಿಗೆರಡು ಸಲ ಟೈರಿನ ಗಾಳಿ ನೋಡಿಸುತ್ತೇವೆ. ಡಿಕ್ಕಿ ಖಾಲಿಯಿದೆ. ನೀವೂ ಇವನ್ನೆಲ್ಲ ಮಾಡಿ ನೋಡಿ, ತಿಂಗಳ ಕೊನೆಯಲ್ಲಿ ನಾಲ್ಕು ಕಾಸು ಕೈಯಲ್ಲಿ ಉಳಿದೀತು. ಆದರೆ ನಿಮ್ಮ ಮನೆಯವರು ಇಳಿಜಾರಿನಲ್ಲಿ ಕೀಲಿಗೆ ಕೈಹಾಕಿದರೆ ಮಾತ್ರ ನನ್ನ ಹಾಗೆ ಸುಮ್ಮನಿರಬೇಡಿ. "ರೀ, ಗೇರಿನಲ್ಲೇ ಇರಲಿ" ಎಂದು ಗಟ್ಟಿಯಾಗಿಯೇ ಹೇಳಿ.