ಜೆ. ಸಿ. ರಸ್ತೆಯಲ್ಲಿ ಒಂದು ಪೂರ್ವಾಹ್ನ

ಬೆಂಗಳೂರಿಗೆ ಹೋದವರು ಲಾಲ್‌ಬಾಗನ್ನೂ ಕಬ್ಬನ್ ಉದ್ಯಾನವನ್ನೂ ನೋಡಿ ಬರುವುದು ವಾಡಿಕೆ. ನಾವು ಈ ಸಲ ಅವೆರಡನ್ನೂ ಬಿಟ್ಟು ಜೆ. ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಗಳನ್ನು ನೋಡಿ ಬಂದೆವು. ಇದಕ್ಕೆ ಕಾರಣವುಂಟು.

ನಮ್ಮ ಮನೆಯವರಿಗೆ ಎರಡು ವರ್ಷಗಳಿಂದೀಚೆಗೆ ಕಿವಿ ಮಂದವಾಗುತ್ತ ಬಂದಿರುವುದು. ತುಮಕೂರಿನಿಂದ ಶಿವಮೊಗ್ಗದ ಮಗಳ ಮನೆಗೆ ನಮ್ಮ ಹಳೆಯ ಕಾರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ದಾಸರ ಪದಗಳನ್ನು ಕೇಳುವುದೆಂದರೆ ಅವರಿಗೆ ಬಲು ಪ್ರೀತಿ. ಈಚೆಗಾದರೋ "ರಾಗ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ" ಎಂದು ಹೇಳಿ ಹಾಡನ್ನೇ ನಿಲ್ಲಿಸಿಬಿಡತೊಡಗಿದರು. ನಮ್ಮ ಸೋದರಳಿಯನು, "ಮಾವ, ಒಂದು ಆಂಪ್ಲಿಫೈಯರು ಹಾಕಿಸಿದರೆ ಸರಿಹೋಗುತ್ತದೆ. ಜೆ. ಸಿ. ರಸ್ತೆಯಲ್ಲಿ ಮೂರು ಸಾವಿರ ರೂಪಾಯಿಗೆ ಎರಡು ಸಾವಿರ ವಾಟಿನದು ಸಿಕ್ಕುತ್ತದೆ" ಎಂದನು. ಮನೆಯವರು ತಾವು ಕೂಡಿಟ್ಟಿದ್ದ ಆರು ಸಾವಿರ ರೂಪಾಯಿಗಳನ್ನು ತಂದು ನಮ್ಮ ಕೈಯಲ್ಲಿಟ್ಟರು. ಆ ಹಣವನ್ನು ಕಂಡ ಮೇಲೆ ಮೋಸಹೋಗಿ ಬರುವುದು ಸಲ್ಲದೆಂದು ನಿಶ್ಚಯಿಸಿಕೊಂಡೆವು.

ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಬಂದು, ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಹತ್ತಿ, ಚಿಕ್ಕಪೇಟೆಯನ್ನು ದಾಟಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ಪುರಭವನಕ್ಕೆ ನಡೆದೇ ಹೋಗಬಹುದು. ೧೯೩೫ರಲ್ಲಿ ಕಟ್ಟಿ ಮುಗಿದ ಆ ಭವನದ ಎತ್ತರವಾದ ಕಂಬಗಳ ಮುಂದೆ ನಿಂತರೆ ಜೆ. ಸಿ. ರಸ್ತೆಯು ತೋರುವುದು. ಇದಕ್ಕೆ ಹೆಸರು ಕೊಟ್ಟ ಜಯಚಾಮರಾಜೇಂದ್ರ ಒಡೆಯರವರು ಸ್ವತಃ ವಾಗ್ಗೇಯಕಾರರಾಗಿದ್ದು ಅನೇಕ ಕೃತಿಗಳನ್ನು ರಚಿಸಿದವರು. ಸಮೀಪದಲ್ಲಿಯೇ ಕವಿ ರವೀಂದ್ರರ ಹೆಸರಿನ ಕಲಾಕ್ಷೇತ್ರವಿದೆ. ಇಂತಹ ರಸ್ತೆಯ ಇಕ್ಕೆಲಗಳಲ್ಲಿ ಸೀಟುಗವಸು, ಹಾರನ್ನು, ಕನ್ನಡಿ, ಟೈರು, ದೀಪಗಳ ಅಂಗಡಿಗಳು ಒಂದಕ್ಕೊಂದು ಒತ್ತಿಕೊಂಡಿವೆ. ಫುಟ್‌ಪಾತಿನ ಅಂಚಿನಲ್ಲಿಯೇ ಕಾರುಗಳ ಬಾಗಿಲನ್ನು ಬಿಚ್ಚಿಟ್ಟು ಹುಡುಗರು ತಂತಿಗಳನ್ನು ಎಳೆಯುತ್ತಿರುವರು. ಒಂದು ಅಂಗಡಿಯ ಹಾಡು ಮುಗಿಯುವ ಮೊದಲೇ ಪಕ್ಕದ ಅಂಗಡಿಯ ಹಾಡು ಬಂದು ಮೈಮೇಲೆ ಬೀಳುವುದು.

ನಾವು ಹೊಕ್ಕ ಅಂಗಡಿಯಲ್ಲಿ ೨,೮೦೦ ರೂಪಾಯಿಯ ಪೆಟ್ಟಿಗೆಯೊಂದನ್ನು ಮುಂದಿಟ್ಟರು. ನಾಲ್ಕು ಸ್ಪೀಕರುಗಳಿಗೆ ಆಗುವಂಥದು. ಮೇಲೆ '೨೦೦೦ ವಾಟ್' ಎಂದು ಹೊಳೆಯುವ ಅಕ್ಷರಗಳಿದ್ದವು. "ಗ್ಯಾರಂಟಿ, ಸಾರ್" ಎಂದನು ಅಂಗಡಿಯ ತರುಣನು.

ನ್ಯಾಯಶಾಸ್ತ್ರದವರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಹೇಳಿರುವರು. ಅಲ್ಲಿ ಶಬ್ದವೆಂದರೆ ಆಪ್ತವಾಕ್ಯ. ಮಾರುವವನ ಲಾಭಕ್ಕಾಗಿ ಬರೆದ ಬರೆಹವನ್ನು ಆಪ್ತವಾಕ್ಯವೆಂದು ಒಪ್ಪುವಂತಿಲ್ಲ. ಆದುದರಿಂದ ಅನುಮಾನಕ್ಕೆ ತೊಡಗಿದೆವು. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಆಂಪ್ಲಿಫೈಯರಿನ ಬಲವನ್ನು ಅದರ ಫ್ಯೂಸಿನಿಂದ ಊಹಿಸಬಹುದು. ಆ ಪೆಟ್ಟಿಗೆಯ ಪಕ್ಕದಲ್ಲಿದ್ದದ್ದು ೨೦ ಆಂಪಿಯರಿನ ಒಂದೇ ಫ್ಯೂಸು. ಎಂಜಿನು ಓಡುತ್ತಿರುವಾಗ ಕಾರಿನಲ್ಲಿ ದೊರೆಯುವುದು ಸುಮಾರು ೧೪ ವೋಲ್ಟು. ಎರಡನ್ನೂ ಗುಣಿಸಿದರೆ ೨೮೦ ವಾಟ್. ಅದು ಒಳಗೆ ಹೋಗುವ ಲೆಕ್ಕ. ಹಳೆಯ ಬಗೆಯ ರಚನೆಯ ಪೆಟ್ಟಿಗೆಗಳಲ್ಲಿ ಅದರ ಅರ್ಧದಷ್ಟು ಬರಿಯ ಕಾವಾಗಿ ಹೋಗುವುದು. ಉಳಿದ ೧೪೦ ವಾಟನ್ನು ನಾಲ್ಕು ಸ್ಪೀಕರುಗಳಿಗೆ ಹಂಚಿದರೆ ಒಂದೊಂದಕ್ಕೆ ೩೫. ನಿಜವಾಗಿ ಎರಡು ಸಾವಿರ ವಾಟ್ ಬೇಕಾದರೆ, ಸ್ವಲ್ಪವೂ ನಷ್ಟವಿಲ್ಲವೆಂದು ಇಟ್ಟುಕೊಂಡರೂ, ೧೪೦ ಆಂಪಿಯರಿಗೆ ಮೇಲ್ಪಟ್ಟು ವಿದ್ಯುತ್ತು ಬೇಕು. ಅಷ್ಟನ್ನು ಕೊಡುವ ಶಕ್ತಿ ನಮ್ಮಂಥವರ ಸಣ್ಣ ಕಾರಿನ ಆಲ್ಟರ್ನೇಟರಿಗೆ ಇಲ್ಲ. ದೊಡ್ಡ ಫ್ಯೂಸನ್ನು ಸಿಕ್ಕಿಸಿಯೂ ಮೋಸಮಾಡಬಹುದಾದ್ದರಿಂದ, ಈ ಲೆಕ್ಕವು 'ಇದಕ್ಕಿಂತ ಹೆಚ್ಚಿರಲಾರದು' ಎಂಬುದನ್ನು ಮಾತ್ರ ತಿಳಿಸುವುದೆಂದು ವಾಚಕರು ನೆನಪಿನಲ್ಲಿಡತಕ್ಕದ್ದು.

ಮುಂದಿನದು ಉಪಮಾನ. ಕಾರಿನ ಮುಂಭಾಗದಲ್ಲಿರುವ ಸಾಮಾನ್ಯ ಸ್ಟೀರಿಯೋ ತಾನೇ ಒಂದೊಂದು ಸ್ಪೀಕರಿಗೆ ೨೦ ವಾಟಿನಷ್ಟು ಕೊಡುವುದು, ಅದರ ಮುಖದ ಮೇಲೆ ೫೦ ಎಂದು ಬರೆದಿದ್ದರೂ ಸಹ. ವಾಟು ಇಮ್ಮಡಿಯಾದರೆ ಧ್ವನಿಯು ಏರುವುದು ೩ ಡೆಸಿಬೆಲ್ ಮಾತ್ರ; ಕಿವಿಗೆ ಇಮ್ಮಡಿಯೆಂದು ತೋರಬೇಕಾದರೆ ಸುಮಾರು ಹತ್ತುಪಟ್ಟು ವಾಟು ಬೇಕು. ಇಪ್ಪತ್ತರಿಂದ ಮೂವತ್ತೈದಕ್ಕೆ ಏರಿದರೆ ಬರುವ ಭೇದವು ಅತ್ಯಲ್ಪ. ಅಷ್ಟಕ್ಕಾಗಿ ೨,೮೦೦ ರೂಪಾಯಿ!

ಉಳಿದದ್ದು ಪ್ರತ್ಯಕ್ಷ. ಹಾಡನ್ನು ಹಾಕಿಸಿ ಕೇಳಿದೆವು. ಎದೆ ನಡುಗುವಂತೆ ತಾಳ ಬಡಿಯಿತು. ಸಾಹಿತ್ಯವು ಮಾತ್ರ ಕಿವಿ ಚೆನ್ನಾಗಿರುವ ನಮಗೂ ತಿಳಿಯಲಿಲ್ಲ. ಬಾಗಿಲ ಬಳಿ ಕುಳಿತು ತಂತಿ ಸುಲಿಯುತ್ತಿದ್ದ ವೃದ್ಧ ಮಿಸ್ತ್ರಿಯೊಬ್ಬರು ನಮ್ಮ ಮುಖವನ್ನು ನೋಡಿ, "ಯಾರಿಗೆ ಸಾರ್, ಇದು?" ಎಂದು ಕೇಳಿದರು. ಇದ್ದ ಸಂಗತಿಯನ್ನು ಹೇಳಿದೆವು. "ಹಾಗಾದರೆ ಈ ದಿಮ್ಮು ದಿಮ್ಮು ಯಾಕೆ? ಅಮ್ಮನವರಿಗೆ ಮಾತು ಕೇಳಬೇಕಲ್ಲ. ಕಾರಿನ ಸ್ಪೀಕರು ಎಷ್ಟು ವರ್ಷದ್ದು?" ಎಂದರು. ಕಾರಿನೊಡನೆ ಬಂದದ್ದು, ಹದಿನಾಲ್ಕು ವರ್ಷವಾಯಿತು ಎಂದೆವು. "ಅದರ ಕಾಗದ ಹರಿದಿರುತ್ತದೆ. ಮೊದಲು ಅದನ್ನು ಬದಲಾಯಿಸಿ" ಎಂದು ಹೇಳಿ, ಸ್ವಲ್ಪ ತಡೆದು, "ಅಮ್ಮನವರ ಕಿವಿ ಡಾಕ್ಟರಿಗೆ ತೋರಿಸಿದ್ದೀರಾ, ಸಾರ್?" ಎಂದರು.

ನಾವು ತೋರಿಸಿರಲಿಲ್ಲ. ವಯಸ್ಸಾದ ಮೇಲೆ ಇದೆಲ್ಲ ಸಹಜವೆಂದು ಎರಡು ವರ್ಷಗಳನ್ನು ಕಳೆದಿದ್ದೆವು. ಫ್ಯೂಸಿನ ಲೆಕ್ಕವನ್ನು ಅಷ್ಟು ಜಾಣತನದಿಂದ ಮಾಡಿದ ನಮಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ವ್ಯಾಕರಣವನ್ನು ಪಾಠಹೇಳಿದ ನಮಗೆ ಇದು ತಿಳಿದಿರಬೇಕಾಗಿತ್ತು. ಸ್ವರಗಳ ಬಲವೆಲ್ಲವೂ ಬಹುಮಟ್ಟಿಗೆ ತಗ್ಗಿನ ನಾದದಲ್ಲಿರುವುದು. ಸಕಾರ, ಶಕಾರ, ತಕಾರಾದಿ ವ್ಯಂಜನಗಳ ಗುರುತು ಮೇಲಿನ ನಾದದಲ್ಲಿರುವುದು. ಮುಪ್ಪಿನಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ಮೇಲಿನ ನಾದವನ್ನೇ. ರಾಗ ಕೇಳಿಸಿ ಮಾತು ತಿಳಿಯದೆ ಹೋಗುವುದು ಇದರಿಂದಲೇ. ತಗ್ಗಿನ ನಾದವನ್ನು ಇನ್ನಷ್ಟು ಬಡಿದೆಬ್ಬಿಸಿದರೆ ಉಳಿದ ವ್ಯಂಜನಗಳೂ ಮುಳುಗಿಹೋಗುವುವು.

ಹಾಗಾದರೆ ಆಂಪ್ಲಿಫೈಯರು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ದೊಡ್ಡ ಸ್ಪೀಕರುಗಳನ್ನು ಇಟ್ಟುಕೊಂಡವರಿಗೆ ಅದು ಬೇಕು. ಆದರೆ ಕೊಳ್ಳುವವರು ದೊಡ್ಡ ಅಂಕಿಯನ್ನು ಬಿಟ್ಟು 'ಆರ್. ಎಂ. ಎಸ್.' ಎಂದು ಬರೆದ ಸಣ್ಣ ಅಂಕಿಯನ್ನು ನೋಡಬೇಕು. ಅಮೆರಿಕದಲ್ಲಿ ೨೦೦೩ರಲ್ಲಿ ಹೊರಟ, ಈಗ ಸಿ. ಟಿ. ಎ. ೨೦೦೬ ಎಂದು ಕರೆಯಲ್ಪಡುವ ಅಳತೆಯ ನಿಯಮವೊಂದುಂಟು. ಅದರ ಹೆಸರು ಪೆಟ್ಟಿಗೆಯ ಮೇಲಿದ್ದು ಒಂದೊಂದಕ್ಕೆ ೫೦ ವಾಟ್ ಎಂದಿದ್ದರೆ, ಅದು ಅಳತೆಯ ಹೆಸರಿಲ್ಲದ ಎರಡು ಸಾವಿರಕ್ಕಿಂತ ಮೇಲು. ತಂತಿಯ ವಿಷಯದಲ್ಲಿಯೂ ಎಚ್ಚರ ಬೇಕು. ಅಗ್ಗದ ತಂತಿಯಲ್ಲಿ ಅನೇಕವೇಳೆ ಒಳಗೆ ಅಲ್ಯುಮಿನಿಯಂ ಇದ್ದು ಮೇಲೆ ತಾಮ್ರದ ಲೇಪವಿರುವುದು. ಬ್ಯಾಟರಿಯ ಹತ್ತಿರ, ಒಂದೂವರೆ ಅಡಿಯೊಳಗಾಗಿ, ಬೇರೊಂದು ಫ್ಯೂಸನ್ನು ಹಾಕಿಸಲೇಬೇಕು. ಇಲ್ಲವಾದರೆ ತಂತಿಯು ಉಜ್ಜಿ ತಗಡಿಗೆ ತಗಲಿದ ದಿನ ಕಾರಿಗೇ ಬೆಂಕಿ ಬಿದ್ದೀತು.

ನಾವು ೧,೯೦೦ ರೂಪಾಯಿಗೆ ಒಂದು ಜೊತೆ ಸ್ಪೀಕರುಗಳನ್ನು ಕೊಂಡು ಊರಿಗೆ ಮರಳಿದೆವು. ಅಲ್ಲಿ ಬಾಗಿಲು ಬಿಚ್ಚಿಸಿ ನೋಡಿದಾಗ ಮಿಸ್ತ್ರಿಗಳ ಮಾತು ಸತ್ಯವಾಯಿತು. ಹಳೆಯವುಗಳ ಕಾಗದದ ಅಂಚು ಸುತ್ತಲೂ ಹರಿದಿತ್ತು. ಮಿಕ್ಕ ಹಣದಲ್ಲಿ ಕಿವಿಯ ಪರೀಕ್ಷೆಯನ್ನು ಮಾಡಿಸಿದೆವು. ಶ್ರವಣಯಂತ್ರ ಬೇಕೆಂದು ವೈದ್ಯರು ಹೇಳಿರುವರು. ಅದಕ್ಕೆ ಬೇಕಾದ ಹಣವನ್ನು ಈಗ ನಾವು ಕೂಡಿಡುತ್ತಿದ್ದೇವೆ.

ಹೋದ ತಿಂಗಳು ಶಿವಮೊಗ್ಗಕ್ಕೆ ಹೊರಟಾಗ, ತಿಪಟೂರು ದಾಟಿದ ಮೇಲೆ ಮನೆಯವರು ತಾವಾಗಿಯೇ ಹಾಡು ಹಾಕಿದರು. ಅರಸೀಕೆರೆ ಬರುವವರೆಗೂ ಸುಮ್ಮನೆ ಕೇಳುತ್ತಿದ್ದು, "ಈತ ಚರಣದ ಕೊನೆಯಲ್ಲಿ ಒಂದಕ್ಷರ ನುಂಗುತ್ತಾನೆ, ನೋಡಿ" ಎಂದರು. ನಮಗೆ ಅದು ತಿಳಿದಿರಲಿಲ್ಲ. ಎರಡನೆಯ ಸಲ ಹಾಕಿಸಿ ಕೇಳಿದಾಗ ಅವರು ಹೇಳಿದ್ದೇ ಸರಿಯಾಗಿತ್ತು.