ಉಪಕರಣಗಳ ಜಗಳ

ವೈದ್ಯರಿಬ್ಬರು ಕೂಡಿದರೆ ರೋಗಿಗಳ ಮಾತು, ವಕೀಲರಿಬ್ಬರು ಕೂಡಿದರೆ ನ್ಯಾಯಾಧೀಶರ ಮಾತು. ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಬ್ಬರು ಕೂಡಿದರೆ ಬರುವುದು ಉಪಕರಣಗಳ ಮಾತು. ಮಾತಿನಿಂದ ಹಾಸ್ಯ, ಹಾಸ್ಯದಿಂದ ಜಗಳ.

ಈ ಜಗಳಗಳಲ್ಲಿ ಹಿರಿಯದು ಎಡಿಟರುಗಳದು. ಎಡಿಟರ್ ಎಂದರೆ ಈ ಪತ್ರಿಕೆಯ ಸಂಪಾದಕ ಮಹಾಶಯರಲ್ಲ. ಪ್ರೋಗ್ರಾಮನ್ನು ಬರೆದು ತಿದ್ದುವುದಕ್ಕಾಗಿ ಇರುವ ಸಾಫ್ಟ್‌ವೇರ್. 1976ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿಯು ‘ವಿ-ಐ’ ಎಂಬುದನ್ನು ರಚಿಸಿದನು. ಅದೇ ವರ್ಷ ಎಂ.ಐ.ಟಿ.ಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮೊದಲಾದವರ ಕೈಯಲ್ಲಿ ‘ಈಮ್ಯಾಕ್ಸ್’ ಹುಟ್ಟಿತು. ಅಂದಿನಿಂದ ಎರಡು ಮತಗಳಾದುವು. ದ್ವೈತಾದ್ವೈತಗಳ ವಾಕ್ಯಾರ್ಥವನ್ನೂ ನಾಚಿಸುವಷ್ಟು ವಾದ ನಡೆಯಿತು. ವಿ-ಐಯಲ್ಲಿ ಒಂದೇ ಕೀಲಿ ಒಮ್ಮೆ ಅಕ್ಷರವಾಗುತ್ತದೆ, ಒಮ್ಮೆ ಆಜ್ಞೆಯಾಗುತ್ತದೆ. ಒಳಹೊಕ್ಕ ಹೊಸಬನಿಗೆ ಹೊರಬರುವ ದಾರಿ ತಿಳಿಯದೆಂದು ಈಮ್ಯಾಕ್ಸಿನವರ ಹಾಸ್ಯ. ಈಮ್ಯಾಕ್ಸಿನಲ್ಲಿ ಸಕಲವೂ ಉಂಟು, ಒಳ್ಳೆಯ ಎಡಿಟರ್ ಒಂದನ್ನುಳಿದು ಎಂದು ವಿ-ಐಯವರ ಪ್ರತ್ಯುತ್ತರ.

ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಹಿರಿಯರೊಬ್ಬರಿದ್ದರು. ನಾವೆಲ್ಲ ಅವರನ್ನು ರಾಯರೆಂದೇ ಕರೆಯುತ್ತಿದ್ದೆವು. ಅವರದು ವಿ-ಐ ಪಂಥ. ನಾನೋ ನವೀನ ಪಂಥದವನು. 2015ರಲ್ಲಿ ಮೈಕ್ರೋಸಾಫ್ಟಿನವರ ‘ವಿಷುಯಲ್ ಸ್ಟುಡಿಯೊ ಕೋಡ್’ ಬಂದಾಗ ಮೊದಲು ಹಿಡಿದವರಲ್ಲಿ ನಾನೊಬ್ಬ.

“ಇನ್ನೂ ಎತ್ತಿನ ಗಾಡಿಯೆ, ರಾಯರೆ?” ಎಂದು ನಾನು ಛೇಡಿಸುವೆನು.

“ಗಾಡಿ ಯಾವುದಾದರೇನಪ್ಪ, ಊರು ಮುಟ್ಟಿದರೆ ಸರಿ” ಎಂದು ಅವರು ನಗುವರು.

ವಿ-ಐಯಲ್ಲಿ ಅತ್ತಿತ್ತ ಚಲಿಸಲು ಎಚ್, ಜೆ, ಕೆ, ಎಲ್ ಎಂಬ ಕೀಲಿಗಳೇಕೆಂದು ಒಮ್ಮೆ ಕೇಳಿದೆ. ಜಾಯ್ ಬಳಸುತ್ತಿದ್ದ ಎಡಿಎಂ-3ಎ ಯಂತ್ರದಲ್ಲಿ ಬಾಣದ ಗುರುತುಗಳು ಆ ನಾಲ್ಕು ಕೀಲಿಗಳ ಮೇಲೆಯೇ ಇದ್ದುವಂತೆ. “ಯಂತ್ರ ಹೋಯಿತು, ಬೆರಳಿನ ಅಭ್ಯಾಸ ಉಳಿಯಿತು” ಎಂದರು ರಾಯರು.

ಆ ಕಾಲದಲ್ಲಿಯೇ ನನ್ನ ತಾಯಿ ಹಾಸಿಗೆ ಹಿಡಿದರು. ತಮ್ಮ ತವರಿನ ಕಥೆಗಳನ್ನೂ ಬೀಸುವಾಗ ಹಾಡುತ್ತಿದ್ದ ಪದಗಳನ್ನೂ ಹೇಳುವರು. ನಾನು ಪಕ್ಕದಲ್ಲಿ ಕುಳಿತು, ಆಗ ಬಹು ಪ್ರಚಾರದಲ್ಲಿದ್ದ ಟಿಪ್ಪಣಿಯ ಸಾಫ್ಟ್‌ವೇರೊಂದರಲ್ಲಿ ಬರೆದುಕೊಳ್ಳುವೆನು. ಬರೆದದ್ದೆಲ್ಲ ಆ ಕಂಪೆನಿಯ ಕಂಪ್ಯೂಟರಿನಲ್ಲಿ ಭದ್ರವಾಗಿರುವುದೆಂದು ನನ್ನ ನಂಬಿಕೆ. ತಾಯಿ ತೀರಿಕೊಂಡರು. ಕೆಲವು ತಿಂಗಳಲ್ಲಿ ಕಂಪೆನಿಯೂ ಆ ವ್ಯವಹಾರವನ್ನು ಮುಚ್ಚಿತು. ಬರಹಗಳನ್ನು ಇಂಥ ದಿನದೊಳಗೆ ಹಿಂದಕ್ಕೆ ಪಡೆಯಬೇಕೆಂದು ಪತ್ರ ಬಂದಿದ್ದಿತು. ದುಃಖದಲ್ಲಿದ್ದ ನಾನು ಅದನ್ನು ಕಂಡಾಗ ಗಡುವು ಮೀರಿತ್ತು. ನನ್ನ ಯಂತ್ರದಲ್ಲಿ ಆಕಸ್ಮಿಕವಾಗಿ ಉಳಿದಿದ್ದ ಒಂದೇ ಕಡತವನ್ನು ನಾನು ಬಲ್ಲ ಯಾವ ಹೊಸ ಸಾಧನವೂ ತೆರೆಯದಾಯಿತು.

ನಾಚುತ್ತ ರಾಯರ ಬಳಿಗೆ ಹೋದೆ. ಅವರು ಹಾಸ್ಯ ಮಾಡಲಿಲ್ಲ. ವಿ-ಐಯ ವಂಶದಲ್ಲಿ 1991ರಲ್ಲಿ ಬ್ರಾಮ್ ಮೋಲೆನಾರ್ ಹೊರತಂದ ‘ವಿಮ್’ನಿಂದ ಆ ಕಡತವನ್ನು ತೆರೆದರು. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಅವುಗಳ ನಡುವೆ, ಒತ್ತಕ್ಷರಗಳು ಚೆದುರಿದ್ದರೂ ಓದಬಹುದಾದ ಹನ್ನೊಂದು ಸಾಲು ಕನ್ನಡ! ತಾಯಿಯ ಮಾತು.

“ಹೊರಬರುವ ದಾರಿ ಗೊತ್ತೇನಪ್ಪ?” ಎಂದರು ರಾಯರು ಮೆಲ್ಲಗೆ.

“ಸದ್ಯಕ್ಕೆ ಬೇಡ, ರಾಯರೆ” ಎಂದೆ.

ಇದರಿಂದ ಹಳೆಯದೇ ಶ್ರೇಷ್ಠವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. 1976ರ ವಿ-ಐಗೆ ಕನ್ನಡದ ಗಂಧವೇ ಇರಲಿಲ್ಲ. ಆ ಹನ್ನೊಂದು ಸಾಲು ನನಗೆ ಕಂಡದ್ದು, ಲೋಕದ ಲಿಪಿಗಳಿಗೆಲ್ಲ ಸಮಾನ ಸಂಕೇತಗಳನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಈಚಿನ ಏರ್ಪಾಡಿನಿಂದ. ನಾನು ಈಗಲೂ ಹೊಸ ಎಡಿಟರನ್ನೇ ಬಳಸುತ್ತೇನೆ. ಆದರೆ ಬರೆದದ್ದನ್ನು ಯಾವ ಎಡಿಟರಿನಿಂದಲಾದರೂ ತೆರೆದು ಓದಬಹುದಾದ ಸರಳ ಪಠ್ಯದ ಕಡತದಲ್ಲಿಯೇ ಇಡುತ್ತೇನೆ. ಪ್ರತಿಯೊಂದನ್ನು ಮನೆಯಲ್ಲಿಯೂ ಇಟ್ಟುಕೊಳ್ಳುತ್ತೇನೆ. ಲೇಖನಿ ಯಾವುದೆಂಬ ಜಗಳ ವಿನೋದಕ್ಕೆ ಇರಲಿ. ಬರೆದದ್ದನ್ನು ನಾಳೆ ಓದಲು ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆಯನ್ನು ಮಾತ್ರ ಬರೆಯುವ ಮೊದಲೇ ಕೇಳಿಕೊಳ್ಳುವುದು ಲೇಸು.