ಅರ್ಬುದದ ಹಾಸಿಗೆ

ನಮ್ಮ ತಮ್ಮನಿಗೆ ಮೇದೋಜೀರಕ ಗ್ರಂಥಿಯಲ್ಲಿ ಅರ್ಬುದವಾಗಿರುವುದೆಂದು ತಿಳಿದ ದಿನದಿಂದ, ಅದುವರೆಗೆ ಕಾವ್ಯ ವ್ಯಾಕರಣಗಳನ್ನಲ್ಲದೆ ಬೇರೇನನ್ನೂ ಓದದ ನಾವು ವೈದ್ಯಗ್ರಂಥಗಳನ್ನು ತೆರೆಯತೊಡಗಿದೆವು. ಅವನು ತೀರಿಕೊಂಡು ಎರಡು ವರ್ಷಗಳಾದುವು. ಓದು ಮಾತ್ರ ನಿಂತಿಲ್ಲ.

ಕೆಲವು ತಿಂಗಳು ಔಷಧ ಕೊಟ್ಟರೂ ಗಂಟು ಕರಗದಿರಲು, ವೈದ್ಯರು—ಒಂದು ಕಾಲಕ್ಕೆ ನಮ್ಮಲ್ಲಿಯೇ ಓದಿದವರು—ಕಾಗದದ ಮೇಲೆ ಚಿತ್ರ ಬರೆದು, “ಮೇಷ್ಟ್ರೇ, ಈ ಗಂಟಿನಲ್ಲಿ ಕೆಟ್ಟ ಜೀವಕೋಶಗಳೇ ಕಡಮೆ. ಮಿಕ್ಕದ್ದೆಲ್ಲ ಸ್ಟ್ರೋಮಾ” ಎಂದರು. ಗ್ರೀಕರ ಆ ಶಬ್ದಕ್ಕೆ ಹಾಸಿಗೆ ಎಂದರ್ಥ. ಅದು ನಮ್ಮ ‘ಸ್ತೃ’ ಧಾತುವಿನ ದಾಯಾದಿ. ಆಸ್ತರಣ, ವಿಸ್ತಾರ ಮೊದಲಾದುವು ಅದರ ಮನೆತನದವೇ. ತಮ್ಮನ ಮಂಚದ ಬಳಿ ಕುಳಿತು ಧಾತುವನ್ನು ಹುಡುಕುತ್ತಿದ್ದೆವೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ಹಾಸಿಗೆಯನ್ನು ಹಾಸುವವರಾರು? ದೇಹದ ಸ್ವಂತ ಕೋಶಗಳೇ. ಗಾಯವಾದಲ್ಲಿಗೆ ಓಡಿಬಂದು ನಾರು ನೆಯ್ದು ಕಲೆ ಕಟ್ಟುವ ಫೈಬ್ರೋಬ್ಲಾಸ್ಟ್‌ಗಳು, ಹೊಸ ರಕ್ತನಾಳಗಳು, ರಕ್ಷಣೆಯ ಬಿಳಿಯ ಕಣಗಳು—ಇವೆಲ್ಲ ಅರ್ಬುದದ ಕರೆಗೂ ಓಗೊಡುತ್ತವೆ. ಗಾಯವು ಮಾಯ್ದರೆ ಕೆಲಸ ನಿಲ್ಲುವುದು, ಇಲ್ಲಿ ನಿಲ್ಲುವುದಿಲ್ಲ. ಆದಕಾರಣ ಅಮೆರಿಕದ ಹೆರಾಲ್ಡ್ ಡ್ವೋರಾಕ್ ಎಂಬ ವೈದ್ಯರು 1986ರಲ್ಲಿ ಅರ್ಬುದವನ್ನು ಮಾಯದ ಗಾಯವೆಂದು ಕರೆದರು. ಇದಕ್ಕೂ ಹಿಂದೆ, 1889ರಲ್ಲಿ, ಲಂಡನ್ನಿನ ಸ್ಟೀಫನ್ ಪೇಜೆಟ್ ಎಂಬ ಶಸ್ತ್ರವೈದ್ಯರು ಸ್ತನದ ಅರ್ಬುದದಿಂದ ಮಡಿದ 735 ಮಂದಿಯ ವೃತ್ತಾಂತಗಳನ್ನು ಪರಿಶೀಲಿಸಿ, ಬೀಜವೊಂದಿದ್ದರೆ ಸಾಲದು, ನೆಲವೂ ಒಗ್ಗಬೇಕೆಂದು ಬರೆದಿದ್ದರು. ಮೇದೋಜೀರಕದಲ್ಲಿ ಈ ನಾರಿನ ನೆಯ್ಗೆ ಬಹಳ ದಟ್ಟ. ಒಳಗಣ ಸಣ್ಣ ರಕ್ತನಾಳಗಳು ಅಮುಕಿಹೋಗಿ ಔಷಧವೇ ಗಂಟಿನೊಳಕ್ಕೆ ಸರಿಯಾಗಿ ಇಳಿಯದು.

ಇದನ್ನು ವಿವರಿಸಿದಾಗ ತಮ್ಮನು, “ಹಾಗಾದರೆ ಅಣ್ಣಯ್ಯ, ನನ್ನ ಮೈಯೇ ಅದಕ್ಕೆ ಹಾಸಿಗೆ ಹಾಸಿತೇ?” ಎಂದು ಕೇಳಿದನು. ಹೌದೆಂದೆವು. ಹಾಸಿಗೆಯನ್ನೇ ಕಿತ್ತೆಸೆದರಾಗದೇ ಎಂಬುದು ಅವನ ಮುಂದಿನ ಪ್ರಶ್ನೆ. ನಮಗೂ ಹಾಗೆಯೇ ತೋರಿತ್ತು. ಒಬ್ಬ ಹುಡುಗನು ತುಂಟತನ ಮಾಡಿದರೆ ಆ ಬೆಂಚಿನವರನ್ನೆಲ್ಲ ಹೊರಗೆ ನಿಲ್ಲಿಸುತ್ತಿದ್ದ ಮೇಷ್ಟರಲ್ಲವೇ ನಾವು!

ವಿದ್ವಾಂಸರು ಅದನ್ನೂ ಮಾಡಿ ನೋಡಿದ್ದರು. 2009ರಲ್ಲಿ ಇಲಿಗಳಿಗೆ ಸ್ಟ್ರೋಮಾವನ್ನು ತೆಳುವಾಗಿಸುವ ಮದ್ದು ಕೊಡಲಾಗಿ, ಅರ್ಬುದದ ಔಷಧವು ಒಳಕ್ಕೆ ಹೆಚ್ಚಾಗಿ ಇಳಿದು, ಅವು ಕೆಲಕಾಲ ಹೆಚ್ಚು ಬದುಕಿದುವು. ಆದರೆ ಅದೇ ಬಗೆಯ ಮದ್ದಿನ ಮಾನವಪರೀಕ್ಷೆಯೊಂದನ್ನು 2012ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು; ಮದ್ದು ಕೊಂಡವರ ಗತಿಯೇ ಕೊಳ್ಳದವರಿಗಿಂತ ಕೆಟ್ಟಿತ್ತು. 2014ರಲ್ಲಿ ಕಾರಣದ ಎಳೆ ಸಿಕ್ಕಿತು: ನಾರು ನೆಯ್ಯುವ ಕೋಶಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಅರ್ಬುದವು ಮತ್ತಷ್ಟು ಉಗ್ರವಾಗಿ, ಅವು ಬೇಗನೆ ಸತ್ತುವು. ಆ ಕೋಶಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ರೋಗವನ್ನು ಪೋಷಿಸಿದರೆ ಕೆಲವು ಬೇಲಿಯಂತೆ ತಡೆದಿರುತ್ತವೆ. ಆದುದರಿಂದ ಈಗಿನ ಯತ್ನವು ಅವುಗಳನ್ನು ನಿರ್ಮೂಲಮಾಡುವುದರ ಕಡೆಗಿಂತ, ಕೆರಳಿದವುಗಳನ್ನು ಶಾಂತಗೊಳಿಸುವುದರ ಕಡೆಗೆ ತಿರುಗಿದೆ.

ಬೇಲಿಯ ಈ ಸಂಗತಿಯನ್ನು ನಾವು ಓದಿದ್ದು ತಮ್ಮನ ಮೊದಲ ವರ್ಷದ ಶ್ರಾದ್ಧವು ಕಳೆದ ಮೇಲೆ. ತನ್ನ ಮೈಯೇ ತನಗೆ ಹಗೆಯಾಯಿತೆಂದು ನಂಬಿಯೇ ಅವನು ಹೋದನು. ಅರ್ಧದಷ್ಟೇ ನಿಜವಾದ ಆ ಮಾತನ್ನು ಅವನಿಗೆ ಹೇಳಿದವರು ನಾವು.